ಹಿಡಿಕೆ ದೇಶನೂರಿನಲ್ಲಿ, ಬಕೆಟ್ಟು ಬಳ್ಳಾರಿಯಲ್ಲಿ

ಐಸ್‌ಕ್ರೀಮಿಗೆ ಉಪ್ಪು ಬೇಕು ಅಂದರೆ ಈಗಿನವರು ನಗುತ್ತಾರೆ. ನಗಲಿ. ಡಬ್ಬಿ ಫ್ರಿಜ್ಜಿನೊಳಗಿಟ್ಟು ಮಲಗಿ ಎದ್ದರೆ ಐಸ್‌ಕ್ರೀಮು ಆಗಿರುತ್ತದೆ ಅಂತ ತಿಳಿದವರ ಜೊತೆ ನನಗೆ ವಾದವಿಲ್ಲ. ಆದರೆ ನಾನು ಕುರುಗೋಡಿನಲ್ಲಿ ಬೆಳೆದವಳು. ನಮ್ಮ ಮನೆಯಲ್ಲಿ ಐಸ್‌ಕ್ರೀಮು ಮಾಡುವ ದಿನ ಮೊದಲು ತರಿಸುತ್ತಿದ್ದದ್ದು ಹಾಲಲ್ಲ, ಎರಡು ಸೇರು ಹರಳುಪ್ಪು.

ಬಳ್ಳಾರಿಯಲ್ಲಿ ಮುಚ್ಚಿಹೋದ ಯಾವುದೋ ಕೂಲ್‌ಡ್ರಿಂಕ್ಸ್ ಅಂಗಡಿಯಿಂದ ಅಪ್ಪ ಒಂದು ಕಟ್ಟಿಗೆ ಬಕೆಟ್ಟು ತಂದಿದ್ದ. ಅದರ ನಡುವೆ ಉದ್ದನೆಯ ತಗಡಿನ ಡಬ್ಬಿ, ಡಬ್ಬಿಯೊಳಗೆ ಹಾಲು ಕಲಕುವ ಕಟ್ಟಿಗೆಯ ರೆಕ್ಕೆ, ಮೇಲೊಂದು ಹಲ್ಲುಚಕ್ರ, ಅದಕ್ಕೆ ಸಿಕ್ಕಿಸಿ ತಿರುಗಿಸಲು ಕಬ್ಬಿಣದ ಹಿಡಿಕೆ. ಡಬ್ಬಿಗೆ ಹಾಲು ಸುರಿದು, ಸುತ್ತ ಐಸು ತುಂಬಿ, ಐಸಿನ ಮೇಲೆ ಉಪ್ಪು ಎರಚಿ ತಿರುಗಿಸಬೇಕು. ಉಪ್ಪು ಬಿದ್ದ ಐಸು ಇನ್ನಷ್ಟು ಕೊರೆದು ಹಾಲನ್ನು ಗಟ್ಟಿ ಮಾಡುತ್ತದೆ. ಬರೀ ಐಸಿನಿಂದ ಆ ಕೆಲಸ ಆಗುವುದಿಲ್ಲ.

ಐಸಿನ ಗಡ್ಡೆ ಬಳ್ಳಾರಿಯಿಂದಲೇ ಬರಬೇಕು. ಅಪ್ಪ ಅದನ್ನು ಭತ್ತದ ಹೊಟ್ಟು ತುಂಬಿದ ಗೋಣಿಚೀಲದಲ್ಲಿಟ್ಟು ಬಸ್ಸಿನಲ್ಲಿ ತರುತ್ತಿದ್ದ. ಚೀಲದ ನೀರು ಬಸ್ಸಿನ ತುಂಬ ಹರಿಯುತ್ತಿತ್ತು. ಕೊರಳಲ್ಲಿ ಲಿಂಗ ಕಟ್ಟಿಕೊಂಡವನನ್ನು ಹಿಡಿದು ಕಂಡಕ್ಟರು, "ಏನ್ರೀ ಇದು, ಮೀನೇನು?" ಎಂದು ಕೇಳಿದನಂತೆ. "ಮೀನಲ್ರೀ, ನನ್ನ ಮಕ್ಕಳ ಹಟ. ಕರಗಾಕತ್ತೈತಿ, ಲಗೂನ ಬಿಡ್ರಿ" ಅಂದನಂತೆ ಅಪ್ಪ. ಆ ಮಕ್ಕಳು ಅಂದರೆ ಅಕ್ಕ ಮತ್ತು ನಾನು, ಇಬ್ಬರೇ.

ಅವ್ವ ಎಮ್ಮೆ ಹಾಲನ್ನು ಅರ್ಧಕ್ಕಿಳಿಯುವ ತನಕ ಕಾಯಿಸಿ, ಆರಿಸಿ, ಸಕ್ಕರೆ, ಏಲಕ್ಕಿ, ಬೆನೆಶಾನ್ ಮಾವಿನ ರಸ ಕಲಸಿ ಇಟ್ಟಿರುತ್ತಿದ್ದಳು. ಮುಂದಿನದು ನಮ್ಮ ಪಾಲು. ಒಬ್ಬಳು ಹಿಡಿಕೆ ತಿರುಗಿಸಬೇಕು, ಇನ್ನೊಬ್ಬಳು ಉಪ್ಪಿನ ಚೀಲದ ಹತ್ತಿರ ಕೂಡಬೇಕು. ಐಸಿನ ಮೇಲೆ ಉಪ್ಪು ಎರಚುವವಳು ಮಾತ್ರ ಹಿಡಿಕೆ ಹಿಡಿದವಳೇ. ಒಳಗೆ ಹಾಲು ಎಷ್ಟು ಗಟ್ಟಿಯಾಯಿತು, ಇನ್ನೆಷ್ಟು ಉಪ್ಪು ಬೇಕು ಅನ್ನುವುದು ಅವಳ ಕೈಗೆ ಗೊತ್ತಾಗುತ್ತದೆ, ಕೂತು ನೋಡುವವರಿಗಲ್ಲ. ಹಾಗಾಗಿ ಆ ಕಡೆಯಿಂದ ಈ ಕಡೆಗೆ ಗಳಿಗೆಗೊಮ್ಮೆ ಉಪ್ಪು ದಾಟಬೇಕು.

ದಾಟುವಾಗಲೇ ಅವ್ವನ ಕಾನೂನು ಅಡ್ಡ ಬರುತ್ತಿತ್ತು. ಉಪ್ಪನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡುವ ಹಾಗಿಲ್ಲ. ಕೊಟ್ಟರೆ ಇಬ್ಬರಿಗೂ ಜಗಳವಾಗುತ್ತದೆ. ಮೊದಲು ನೆಲದ ಮೇಲಿನ ತಾಟಿನಲ್ಲಿ ಹಾಕಬೇಕು, ಬೇಕಾದವರು ತಾಟಿನಿಂದ ಎತ್ತಿಕೊಳ್ಳಬೇಕು. ನಮ್ಮ ಕಡೆ ಯಾವ ಮನೆಯಲ್ಲಾದರೂ ಈ ಮಾತು ಹೇಳುತ್ತಾರೆ, ಆದರೆ ಐಸು ಕರಗುತ್ತಿರುವಾಗ ಯಾರು ಪಾಲಿಸುತ್ತಾರೆ? ನಮ್ಮವ್ವ ಪಾಲಿಸುತ್ತಿದ್ದಳು. ಅಕ್ಕ ಅವಸರಕ್ಕೆ ಅಂಗೈ ಚಾಚಿದರೆ ಅವ್ವ ಒಳಗಿನಿಂದಲೇ ಕೂಗುತ್ತಿದ್ದಳು, "ನೆಲದಾಗ ಇಡಲೇ. ಐಸು ಕರಗಿದ್ರ ಮತ್ತ ತರಬೌದು. ಅಕ್ಕ ತಂಗಿ ಮುರಿದ್ರ ಎಲ್ಲಿಂದ ತರ್ಲಿ?"

ನಮಗೆ ಅದೊಂದು ಚೇಷ್ಟೆಯ ಮಾತಾಗಿತ್ತು. ತಾಟಿನಲ್ಲಿ ಉಪ್ಪು ಹಾಕುವಾಗಲೆಲ್ಲ, "ತಗೋರಿ ಅಕ್ಕಾರ, ಜಗಳ ಬ್ಯಾಡ" ಎಂದು ಅವಳಿಗೆ ಬಹುವಚನ ಹಚ್ಚಿ ನಾನು ಕೈ ಮುಗಿಯುತ್ತಿದ್ದೆ.

ಅಕ್ಕನನ್ನು ಸಿರುಗುಪ್ಪ ತಾಲ್ಲೂಕಿನ ದೇಶನೂರಿಗೆ ಕೊಟ್ಟರು. ನಾನು ಮದುವೆಯಾಗಿ ಬಳ್ಳಾರಿಯ ಸತ್ಯನಾರಾಯಣಪೇಟೆಗೆ ಬಂದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಮನೆಗೆ ಬಂದಳು, ಅವಳ ಹಿಂದೆಯೇ ಬಕೆಟ್ಟೂ ಬಂತು. ಬೇಸಿಗೆ ಮತ್ತು ಕಡುಬೇಸಿಗೆ ಎಂದು ಎರಡೇ ಕಾಲ ಇರುವ ಊರು ಇದು. ಪ್ರತಿ ಮೇ ತಿಂಗಳು ಅಕ್ಕ ಬರುತ್ತಿದ್ದಳು, ತನ್ನ ಎಮ್ಮೆಯ ಹಾಲು ತರುತ್ತಿದ್ದಳು, ನಾವು ತಿರುಗಿಸುತ್ತಿದ್ದೆವು.

ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ ಅವ್ವನಿಗೆ ಶುಗರ್ ಏರಿ ಕಾಲು ಬಾತಿದ್ದವು. ಮಂಚದ ಮೇಲೆ ಕೂತೇ, "ಈ ಸಲ ಮಾಡಂಗಿಲ್ಲೇನು? ನನಗ ಒಂದ ಚಮಚ ಸಾಕವ್ವ" ಅಂದಳು. ಅಕ್ಕನಿಗೆ ಹೇಳಿ ಕಳಿಸಿದೆ. ಬಂದಳು. ಆ ದಿನ ನಾನು ಹಿಡಿಕೆ ಹಿಡಿದಿದ್ದೆ, ಅವಳು ಉಪ್ಪಿನ ಹತ್ತಿರ ಕೂತಿದ್ದಳು. ಕೊನೆಕೊನೆಗೆ ಹಿಡಿಕೆ ಕಲ್ಲಿನಂತೆ ಬಿಗಿಯಾಯಿತು. ಬಿಟ್ಟರೆ ಕೆಡುತ್ತದೆ ಎಂದು ನಾನು ಒಂದು ಕೈ ಚಾಚಿದೆ, ಅಕ್ಕ ಅಂಗೈಗೇ ಉಪ್ಪು ಸುರಿದಳು. ಅವ್ವ ನೋಡಿಬಿಟ್ಟಳು. "ಅಯ್ಯ, ಕೈಯಾಗ ಕೊಟ್ಟಿಯಲ್ಲ" ಅಂದಳು. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು.

ಡಬ್ಬಿ ತೆಗೆದು ಮೊದಲ ಚಮಚ ತುಂಬಿ ಅವ್ವನ ಬಾಯಿಯ ಹತ್ತಿರ ಒಯ್ದೆ. ಅಕ್ಕ ನನ್ನ ಮುಂಗೈ ಹಿಡಿದಳು.

"ಬ್ಯಾಡ. ಡಾಕ್ಟರು ಏನ್ ಹೇಳ್ಯಾರ ಗೊತ್ತೈತಿಲ್ಲ? ಶುಗರ್ ಇಳೀಲಿ, ಆಮ್ಯಾಲೆ ಕೊಡೂಣು."

"ಒಂದ ಚಮಚದಾಗ ಏನಾಕೈತಿ?"

"ಆದ್ರ ಯಾರ್ ಹೊಣಿ?"

ಅವ್ವ ನಮ್ಮಿಬ್ಬರ ಮುಖ ನೋಡಿ ಗೋಡೆಯ ಕಡೆ ತಿರುಗಿದಳು. "ಇರ್ಲಿ ಬಿಡ್ರಿ, ನೀವ್ ತಿನ್ರಿ. ನಾ ಆಮ್ಯಾಲೆ ತಿಂತೀನಿ" ಅಂದಳು. ಆಮೇಲೆ ಅನ್ನುವುದು ಬರಲೇ ಇಲ್ಲ. ಹನ್ನೊಂದು ದಿನಕ್ಕೆ ಹೋಗಿಬಿಟ್ಟಳು.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪುತ್ತೇನೆ. ಅವ್ವನ ಶಿವಗಣಾರಾಧನೆಯ ದಿನ ಬೀಗರು ಬಿಜ್ಜರು ಎಲ್ಲ ಪಂಕ್ತಿಯಲ್ಲಿ ಕೂತಿದ್ದಾಗ, ಅಕ್ಕ ಯಾರಿಗೋ ತುಪ್ಪ ಬಡಿಸುತ್ತಿದ್ದಾಗ, ನಾನು ಗಟ್ಟಿಯಾಗಿಯೇ ಅಂದೆ: "ಮಂದಿಗೆ ತುಪ್ಪ ಹಾಕ್ತಿ. ಹೆತ್ತವ್ವನ ಬಾಯಿಗೆ ಒಂದ ಚಮಚ ಬಿಡಲಿಲ್ಲ ನೀನು." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಕ ತುಪ್ಪದ ಗಿಂಡಿ ಕೆಳಗಿಟ್ಟಳು. ಒಳಗೆ ಹೋಗಿ ಬಕೆಟ್ಟಿನ ಹಿಡಿಕೆ ಕಿತ್ತುಕೊಂಡು ಸೆರಗಿನಲ್ಲಿ ಸುತ್ತಿಕೊಂಡಳು. "ಇನ್ನ ನೀನ ಮಾಡ್ಕೊಂಡು ತಿನ್ನು, ನೋಡ್ತೀನಿ" ಎಂದು ಹೇಳಿ ಊಟವನ್ನೂ ಮಾಡದೆ ಬಸ್ಸು ಹತ್ತಿದಳು.

ಹೀಗೆ ಹಿಡಿಕೆ ದೇಶನೂರಿನಲ್ಲಿ, ಬಕೆಟ್ಟು ಬಳ್ಳಾರಿಯಲ್ಲಿ ಉಳಿದವು. ಮೂರು ವರ್ಷ ಮಾತಿಲ್ಲ. ಮದುವೆ ಮುಂಜಿಯ ಸುದ್ದಿ ಭಾವನ ಫೋನಿನಲ್ಲಿ ಬರುತ್ತಿತ್ತು, ಹಿಂದಿನಿಂದ ಅಕ್ಕನ ಪಾತ್ರೆ ಸದ್ದು ಕೇಳುತ್ತಿತ್ತು. ಆ ಸದ್ದು ಕೇಳಲಿಕ್ಕೆಂದೇ ನಾನು ಭಾವನ ಜೊತೆ ಇಲ್ಲದ ಮಾತೆಲ್ಲ ಆಡುತ್ತಿದ್ದೆ. ಹೊಸ ಸೀರೆ ತಂದರೆ ತೋರಿಸಬೇಕು ಅನ್ನಿಸುತ್ತಿದ್ದದ್ದು ಅವಳಿಗೆ, ಮೈ ಬಿಸಿಯಾದರೆ ನೆನಪಾಗುತ್ತಿದ್ದದ್ದು ಅವಳ ಕೈ. ಅವ್ವನಂತೂ ಹೋದಳು, ಹೋದವರು ಬರುವುದಿಲ್ಲ. ಇವಳು ಬಸ್ಸು ಹತ್ತಿದರೆ ಮುಟ್ಟುವಷ್ಟು ದೂರದಲ್ಲಿ ಇದ್ದೂ ಇಲ್ಲದ ಹಾಗೆ ಆಗಿದ್ದಳು, ಅದು ನನ್ನನ್ನು ಹೆಚ್ಚು ತಿಂದಿತು.

ಈ ಬೇಸಿಗೆಯಲ್ಲಿ ಅವ್ವನ ಪುಣ್ಯದಿನ ಹತ್ತಿರ ಬಂತು. ಎಡೆಗೆ ಐಸ್‌ಕ್ರೀಮು ಇಡಬೇಕು, ಬದುಕಿದ್ದಾಗ ಕೊಡದ ಆ ಒಂದು ಚಮಚ ಈಗಲಾದರೂ ಕೊಡಬೇಕು ಅಂತ ಮನಸ್ಸಿಗೆ ಬಂದದ್ದು ಹೋಗಲೇ ಇಲ್ಲ. ಮಿಕ್ಸಿಯಲ್ಲಿ ಹಾಲು ತಿರುವಿ ಫ್ರಿಜ್ಜಿನಲ್ಲಿಟ್ಟು ನೋಡಿದೆ. ಮರುದಿನ ಚಾಕು ಇಳಿಯಲಿಲ್ಲ. ನಮ್ಮ ಯಜಮಾನರು ಒಂದು ಚೂರು ಬಾಯಿಗಿಟ್ಟುಕೊಂಡು ಕ್ಯಾಲೆಂಡರ್ ನೋಡುತ್ತಾ, "ಚಲೋ ಐತಿ" ಅಂದರು.

"ಸುಳ್ಳ್ ಹೇಳಬ್ಯಾಡ್ರಿ."

"ಹಂಗಾದ್ರ ಲೇತ್ ಮಷೀನಿನವನ ಹತ್ರ ಒಂದು ಹಿಡಿಕಿ ಮಾಡಿಸಿಕೊಂಡು ಬರ್ಲೇನು? ಒಂದು ತಾಸಿನ ಕೆಲಸ."

ಆ ಮನುಷ್ಯ ಮೂರು ವರ್ಷದಿಂದ ಈ ಮಾತು ಹೇಳದೆ ಯಾಕೆ ಸುಮ್ಮನಿದ್ದರು ಅನ್ನುವುದು ಆಗ ತಿಳಿಯಿತು. ನನಗೆ ಬೇಕಾದದ್ದು ಹಿಡಿಕೆಯಲ್ಲ ಎಂದು ಅವರಿಗೂ ಗೊತ್ತಿತ್ತು.

ಪುಣ್ಯದಿನದ ಬೆಳಿಗ್ಗೆ ಬಕೆಟ್ಟು ಕಂಕುಳಲ್ಲಿಟ್ಟುಕೊಂಡು ಸಿರುಗುಪ್ಪದ ಬಸ್ಸು ಹತ್ತಿದೆ. ಮೊದಲೇ ಫೋನು ಮಾಡಲಿಲ್ಲ. ಮಾಡಿದ್ದರೆ ಬರಬೇಡ ಅಂದಾಳೆಂಬ ಹೆದರಿಕೆ. ಸಿರುಗುಪ್ಪದಲ್ಲಿ ಐಸು ಕೊಂಡು ಆಟೋ ಮಾಡಿಕೊಂಡು ದೇಶನೂರು ಮುಟ್ಟುವಷ್ಟರಲ್ಲಿ ಚೀಲದ ನೀರಿಗೆ ನನ್ನ ಸೀರೆಯ ನೆರಿಗೆ ಒದ್ದೆಯಾಗಿತ್ತು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದೆ. ಬಾಗಿಲಲ್ಲಿ ಅಕ್ಕನನ್ನು ನೋಡಿದ ಕೂಡಲೇ ಎಲ್ಲ ಮರೆತುಹೋಯಿತು. ಅವಳ ಮುಂದಲೆ ಪೂರಾ ಬೆಳ್ಳಗಾಗಿತ್ತು.

ಅವಳು ನನ್ನನ್ನು ನೋಡಿದಳು, ಬಕೆಟ್ಟು ನೋಡಿದಳು. ತಂಬಿಗೆಯಲ್ಲಿ ನೀರು ತಂದು ಮುಂದಿಟ್ಟಳು. ಒಳಗೆ ಹೋಗಿ ಹಳೆಯ ಪಂಜಿ ಬಟ್ಟೆಯಲ್ಲಿ ಸುತ್ತಿದ ಹಿಡಿಕೆ ತಂದಳು. ಬಿಚ್ಚಿದರೆ ಒಂದು ಚುಕ್ಕೆ ತುಕ್ಕಿಲ್ಲ, ಶೇಂಗಾ ಎಣ್ಣೆಯ ವಾಸನೆ.

"ಎಣ್ಣಿ ಹಚ್ಚಿ ಇಟ್ಟೀಯಲ್ಲ" ಅಂದೆ.

"ತಿಂಗಳಿಗೊಮ್ಮಿ ಹಚ್ಚೀನಿ. ನೀ ಬರತೀ ಅಂತ." ಸೆರಗಿನಿಂದ ಹಿಡಿಕೆಯ ಎಣ್ಣೆ ಒರೆಸುತ್ತಾ ಹೇಳಿದಳು, "ನನಗೂ ಕೊಡಾಕ ಮನಸಿತ್ತಲೇ. ಹೆದರಿದೆ. ನಾ ಹೆದರಿದ್ದು ನಿನಗ ಕಾಣಲಿಲ್ಲ."

"ಕಂಡಿತ್ತಕ್ಕ" ಅಂದೆ. "ಯಾರನ್ನರ ಬೈಬೇಕಾಗಿತ್ತು. ನೀ ಸಿಕ್ಕಿ." ಹಾಗೆ ಹೇಳಿ ಅಳಲಿಕ್ಕೆ ಶುರು ಮಾಡಿದೆ. ಅಕ್ಕ ಸೆರಗಿನಿಂದ ನನ್ನ ಮುಖ ಒರೆಸಿ, "ಏಳು, ಐಸು ಕರಗಾಕತ್ತೈತಿ" ಅಂದಳು.

ಅಕ್ಕ ಬೆಳಿಗ್ಗೆಯೇ ಕರೆದು, ಕಾಯಿಸಿ ಆರಿಸಿಟ್ಟಿದ್ದ ಹಾಲಿಗೆ ಸಕ್ಕರೆ, ಏಲಕ್ಕಿ, ಮಾವಿನ ರಸ ಕಲಸಿದೆವು. ಪಡಸಾಲೆಯಲ್ಲಿ ಬಕೆಟ್ಟು ಇಟ್ಟು ಅಕ್ಕ ಹಿಡಿಕೆ ಹಿಡಿದಳು, ನಾನು ಉಪ್ಪಿನ ಹತ್ತಿರ ಕೂತೆ. ಅವ್ವನ ಕಾನೂನಿನ ಪ್ರಕಾರ ನೆಲದ ಮೇಲೆ ತಾಟು ಇಟ್ಟು ಅದರಲ್ಲೇ ಉಪ್ಪು ಹಾಕುತ್ತಾ ಹೋದೆ. ಈ ಸಲ ಏನೂ ತಪ್ಪಬಾರದು ಎಂದು ನನ್ನ ಹಟ. ಅರ್ಧ ತಾಸಿಗೆ ಹಿಡಿಕೆ ಬಿಗಿಯಾಯಿತು. ಅಕ್ಕ ತಿರುಗಿಸುವುದು ಬಿಡದೆ ಇನ್ನೊಂದು ಕೈ ಚಾಚಿದಳು.

"ಕೈಯಾಗ ಕೊಡು."

"ಬ್ಯಾಡಕ್ಕ. ಅವ್ವ ಬೈತಾಳ."

"ಬೈಲಿ" ಅಂದಳು ಅಕ್ಕ. "ಬಯ್ಯಾಕಾದ್ರೂ ಒಂದ್ಸಲ ಬರ್ಲಿ."

ನಾನು ಅವಳ ಅಂಗೈಗೆ ಉಪ್ಪು ಸುರಿದೆ. ಅವಳು ಎರಚಲಿಲ್ಲ. ಉಪ್ಪು ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು, ಇಬ್ಬರೂ ಸ್ವಲ್ಪ ಹೊತ್ತು ಒಳಮನೆಯ ಬಾಗಿಲ ಕಡೆ ನೋಡುತ್ತಾ ಕೂತೆವು.