ಮೇಷ್ಟ್ರಿಗೆ ಬಿದ್ದ ಓಟುಗಳು

ಅಮೆರಿಕಾದ ಅಧ್ಯಕ್ಷರನ್ನು ಆರಿಸುವ ಪದ್ಧತಿ ಸರಿಯಿಲ್ಲ ಎಂದು ನಮ್ಮ ಮನೆಯಲ್ಲಿ ತೀರ್ಮಾನವಾದದ್ದು ಮುದ್ದೆ ಊಟದ ಹೊತ್ತಿಗೆ. ನಮ್ಮ ಯಜಮಾನರು ಗುಬ್ಬಿಯಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದು ರಿಟೈರ್ ಆದವರು, ದಿನವಿಡೀ ಮೊಬೈಲಿನಲ್ಲಿ ಅದನ್ನೇ ನೋಡುತ್ತಾರೆ. ಅಲ್ಲಿ ಒಂದೊಂದು ಪಕ್ಷವೂ ತನ್ನ ಅಭ್ಯರ್ಥಿ ಯಾರಾಗಬೇಕು ಎಂದು ಮೊದಲು ಜನರನ್ನೇ ಕೇಳುತ್ತದಂತೆ, ಅದಕ್ಕೆ ಪ್ರೈಮರಿ ಎನ್ನುತ್ತಾರಂತೆ. ಅದೂ ಒಂದೊಂದು ರಾಜ್ಯದಲ್ಲಿ ಒಂದೊಂದು ದಿನ. ಎಲ್ಲ ಕಡೆ ಒಂದೇ ದಿನ ಆಗಬೇಕು ಎನ್ನುವುದು ಇವರ ತಿದ್ದುಪಡಿ. ಹೆಚ್ಚು ಓಟು ಬಿದ್ದವರೂ ಕೊನೆಗೆ ಸೋಲಬಹುದಂತೆ. ಅದು ಹೇಗೆ ಎಂದು ಕೇಳಿದೆ. ವಿವರಿಸಿದರು. ಮೊದಲು ಅರ್ಥವಾಗಿದ್ದದ್ದೂ ಹೋಯಿತು.

ನನ್ನ ಚಿಂತೆ ಬೇರೆ ಇತ್ತು. ನಾನು ಗ್ರಾಮ ಪಂಚಾಯ್ತಿ ಮೆಂಬರು. ಅಧ್ಯಕ್ಷಗಿರಿ ಈ ಸಲ ಹೆಂಗಸರಿಗೆ ಮೀಸಲಾಗಿತ್ತು. ಅಧ್ಯಕ್ಷರನ್ನು ಆರಿಸುವುದು ಮೆಂಬರುಗಳೇ, ಅವರಲ್ಲಿ ನಮ್ಮ ಗುಂಪಿನವರೇ ಹೆಚ್ಚು. ಆದರೆ ಗುಂಪಿನಲ್ಲಿ ಆಸೆಪಟ್ಟವರು ಇಬ್ಬರು: ನಾನು, ಮತ್ತು ಗಂಡ ತೀರಿಕೊಂಡ ಮೇಲೆ ಹೆಬ್ಬೂರು ರಸ್ತೆಯಲ್ಲಿ ಇಡ್ಲಿ ಹೋಟೆಲ್ ಹಾಕಿಕೊಂಡವಳು, ಎಲ್ಲರ ಬಾಯಲ್ಲೂ ಹೋಟ್ಲಕ್ಕ. ನನಗೆ ಆ ಕುರ್ಚಿ ಬೇಕಿತ್ತು. ಸುಳ್ಳು ಯಾಕೆ ಹೇಳಲಿ, ಬಹಳ ಬೇಕಿತ್ತು.

ಹಿಂದಿನ ಸಲ ಮೆಂಬರುಗಳನ್ನು ಕುಣಿಗಲ್ ಕಡೆಯ ಯಾವುದೋ ತೋಟದ ಮನೆಯಲ್ಲಿ ಕೂಡಿಹಾಕಿ, ಓಟಿನ ದಿನ ವ್ಯಾನಿನಲ್ಲಿ ತಂದು ಇಳಿಸಿದ್ದರು. ಈ ಸಲ ಜನರನ್ನೇ ಕೇಳಿ ನಮ್ಮ ಗುಂಪಿನ ಅಭ್ಯರ್ಥಿಯನ್ನು ಗೊತ್ತುಮಾಡೋಣ ಎಂದು ಇವರು ಪಟ್ಟು ಹಿಡಿದರು.

"ಪ್ರೈಮರಿ ಮಾಡೋಣ ಕಣಯ್ಯ," ಎಂದು ಡೈರಿ ಸೆಕ್ರೆಟರಿಗೆ ಹೇಳಿದರು.

"ಆಗ್ಲಿ ಸಾ, ಬೀಗದ ಕೈ ಈಸ್ಕೊಂಡ್ ಬತ್ತೀನಿ," ಎಂದು ಅವನು ಪ್ರೈಮರಿ ಸ್ಕೂಲಿನ ಕಡೆ ಹೊರಟೇಬಿಟ್ಟ. ಕೊನೆಗೆ ಅಲ್ಲೇ ನಡೆಯಿತು.

ಭಾನುವಾರ ಡೈರಿಗೆ ಹಾಲು ಹಾಕಲು ಬಂದವರೆಲ್ಲ ಸ್ಕೂಲಿಗೂ ಬಂದು, ತಮಗೆ ಬೇಕಾದವರ ಹೆಸರನ್ನು ಚೀಟಿಯಲ್ಲಿ ಬರೆದು ಖಾಲಿ ಕ್ಯಾನಿಗೆ ಹಾಕಿದರು. ಸೆಕ್ರೆಟರಿ ಕ್ಯಾನು ಬೋರಲು ಹಾಕಿ ವಿಂಗಡಿಸಿದ. ಎರಡು ಗುಡ್ಡೆ ಆಗಬೇಕಿತ್ತು, ಮೂರಾಯಿತು. ಒಂದು ಹೋಟ್ಲಕ್ಕನದು. ಅದಕ್ಕಿಂತ ಚಿಕ್ಕದು ನನ್ನದು. ಮೂರನೆಯ ಗುಡ್ಡೆಯ ಚೀಟಿಗಳಲ್ಲೆಲ್ಲ 'ಮೇಷ್ಟ್ರು' ಎಂದು ಬರೆದಿತ್ತು.

"ಇವೂ ಅಕ್ಕನ ಓಟೇ ಅಲ್ವಾ ಸಾ?" ಎಂದು ಸೆಕ್ರೆಟರಿ ಅದನ್ನು ನನ್ನ ಗುಡ್ಡೆಗೆ ಸೇರಿಸಿದ. ಸೇರಿಸಿದರೆ ನಾನು ಗೆದ್ದೆ, ಬಿಟ್ಟರೆ ಸೋತೆ.

ಹಿಂದೆ ಕೂತಿದ್ದವರು ವಾದಕ್ಕೆ ಬಿದ್ದರು.

"ಮೇಷ್ಟ್ರೇನು ಮೆಂಬರಾ? ತೆಗ್ದಾಕು ಅತ್ಲಾಗೆ."

"ಗಂಡ ಬೇರೆ, ಹೆಂಡ್ತಿ ಬೇರೆ ಏನ್ಲಾ? ಸೈನ್ ಹಾಕೋದು ಆವಮ್ಮ, ಓಡಾಡೋರು ಮೇಷ್ಟ್ರು. ಎಲ್ಲಾ ಕಡೆ ಹಂಗೇ ತಾನೆ."

ಇವರು ಕನ್ನಡಕ ಒರೆಸಿಕೊಳ್ಳುತ್ತ, "ಮತದಾರನ ಇಂಗಿತ ನೋಡ್ಬೇಕು," ಎಂದರು.

ನನಗೆ ಮೈಯೆಲ್ಲ ಉರಿಯಿತು, ತಲೆಯೂ ಕೆಟ್ಟಿತು. ಆ ಚೀಟಿ ಬರೆದವರು ನನ್ನನ್ನು ಬೇಡ ಎಂದಿರಲಿಲ್ಲ, ಬೇಕು ಎಂದೂ ಇರಲಿಲ್ಲ. ಮನೆಮನೆ ತಿರುಗಿ ಓಟು ಕೇಳಿದವಳು ನಾನು, ನಲ್ಲಿ ನೀರಿಗಾಗಿ ಪಂಚಾಯ್ತಿಯಲ್ಲಿ ಜಗಳವಾಡಿದವಳು ನಾನು. ಇಷ್ಟು ದಿನ ಈ ಜನರ ಕಣ್ಣಿಗೆ ಕಂಡದ್ದು ಯಾರು?

ಹೋಟ್ಲಕ್ಕ, "ನೀನೇ ಹೇಳಕ್ಕ, ನೀನ್ ಹೆಂಗಂದ್ರೆ ಹಂಗೆ," ಎಂದಳು. ನನ್ನ ಉತ್ತರಕ್ಕಾಗಿ ಎಲ್ಲರೂ ನೋಡಿದ್ದು ಯಜಮಾನರ ಮುಖವನ್ನು.

"ಅವು ನನ್ ಓಟಲ್ಲ, ತೆಗೀರಿ," ಎಂದೆ.

ಸೆಕ್ರೆಟರಿ ಆ ಚೀಟಿಗಳನ್ನು ಬಾಚಿ ಮತ್ತೆ ಕ್ಯಾನಿಗೆ ಹಾಕಿದ. ಆಮೇಲೆ ಪಂಚಾಯ್ತಿಯಲ್ಲಿ ನಮ್ಮ ಗುಂಪಿನವರ ಓಟು ಬಿದ್ದು ಹೋಟ್ಲಕ್ಕ ಅಧ್ಯಕ್ಷೆಯಾದಳು. ನಾನು ಮಾಡಿದ್ದು ಒಂದು ದಿನ ಸರಿ ಅನ್ನಿಸುತ್ತದೆ, ಮರುದಿನ ಸಿಕ್ಕಿದ್ದನ್ನು ಕೊಡವಿಕೊಂಡ ಪೆದ್ದಿ ಅನ್ನಿಸುತ್ತದೆ. ಇವರನ್ನು ಕೇಳಿದರೆ, ಚೀಟಿಯಲ್ಲಿ ಹೆಸರು ಮೊದಲೇ ಪ್ರಿಂಟ್ ಮಾಡಿಸಬೇಕಿತ್ತು ಎನ್ನುತ್ತಾರೆ.

ಮೊನ್ನೆ ತುಮಕೂರು ಬಸ್ಸಿನಲ್ಲಿ ಪಕ್ಕದ ಊರಿನ ಹೆಂಗಸೊಬ್ಬಳು ಸರಿದು ನನಗೆ ಜಾಗ ಕೊಟ್ಟಳು. ನನ್ನ ಕೈ ಹಿಡಿದುಕೊಂಡು ನಿಜವಾದ ಮೆಚ್ಚುಗೆಯಿಂದಲೇ ಹೇಳಿದಳು: "ನಿಮ್ ಯಜಮಾನ್ರು ಭಾಳ ದೊಡ್ಡ ಮನ್ಸಿನೋರು ಕಣಕ್ಕ. ಕೈಗೆ ಬಂದಿದ್ ಅಧ್ಯಕ್ಷಗಿರಿನ ಹೋಟ್ಲಕ್ಕಂಗೆ ಬುಟ್ಕೊಟ್ರಂತೆ."