ಕ್ಲಚ್ ಮೇಡಂ ಕಾರಿನ ಸ್ಟೀರಿಂಗ್

ಊರಿನಲ್ಲಿ ಈಗ ಕಾರು ಓಡಿಸುವವರಲ್ಲಿ ಅರ್ಧದಷ್ಟು ಜನ ಆಕೆಯ ಬೈಗುಳ ತಿಂದೇ ಕಲಿತವರು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಪಕ್ಕದ ಸೀಟಿಗೆ ಅಂಟಿಕೊಂಡು ‘ಕ್ಲಚ್! ಕ್ಲಚ್!’ ಎಂದು ಗಂಟಲು ಹರಿದುಕೊಳ್ಳುತ್ತಿದ್ದುದರಿಂದ ಕ್ಲಚ್ ಮೇಡಂ ಎಂಬ ಹೆಸರೇ ಗಟ್ಟಿಯಾಯಿತು. ಸ್ವಂತ ಮಗನಿಗೂ, ಗ್ಯಾರೇಜು ಇಟ್ಟಿರುವ ತಮ್ಮನಿಗೂ ಕಲಿಸಿದವಳು ಆಕೆಯೇ. ಕಲಿಯಲಾರೆ ಎಂದು ಕೈ ಮುಗಿದವನು ಗಂಡನೊಬ್ಬನೇ. ಗಡಿಯಾರ ರಿಪೇರಿ ಮಾಡುವ ಆ ಮನುಷ್ಯ ಮೊದಲ ಪಾಠದಲ್ಲೇ ಗೇಟಿಗೆ ಗುದ್ದಿ ಇಳಿದವನು ಮತ್ತೆ ಸ್ಟೀರಿಂಗ್ ಮುಟ್ಟಿರಲಿಲ್ಲ.

ಇಂಥ ಹೆಂಗಸಿನ ಕೈಯಿಂದ ಕಾರಿನ ಕೀ ಕಿತ್ತುಕೊಂಡರೆ ಹೇಗಾಗಬೇಡ? ಕಿತ್ತುಕೊಂಡವನು ಮಗ. ಔಷಧಿ ಅಂಗಡಿಯ ಹತ್ತಿರ ಆಕೆ ಓಡಿಸುತ್ತಿದ್ದ ಕಾರು ತಿರುಗುವುದೇನೋ ಸರಿಯಾಗಿಯೇ ತಿರುಗಿತು, ಆದರೆ ಮತ್ತೆ ನೇರವಾಗಲು ಮೊಂಡು ಹಿಡಿದು ಫುಟ್‌ಪಾತ್ ಹತ್ತಿ ಅಂಗಡಿಯ ಬೋರ್ಡನ್ನು ಮಲಗಿಸಿಬಿಟ್ಟಿತು. ಜನರಲ್ಲಿ ಯಾರಿಗೂ ಪೆಟ್ಟಾಗಲಿಲ್ಲ. ಪೆಟ್ಟು ಬಿದ್ದದ್ದು ಮೇಡಮ್ಮಿನ ಮರ್ಯಾದೆಗೆ.

“ಅಮ್ಮ, ವಯಸ್ಸಾಯ್ತು. ಕೈ ಮೊದಲಿನ ಹಾಗೆ ಮಾತು ಕೇಳಲ್ಲ. ಇನ್ನು ಸಾಕು,” ಎಂದ ಮಗ ಕೀಯನ್ನು ಜೇಬಿಗಿಳಿಸಿದ. ಕಾರನ್ನು ಮಾರಿಬಿಡುವುದೆಂದೂ ಅವನೇ ತೀರ್ಮಾನ ಮಾಡಿದ.

ಆಕೆ ಜಗಳವಾಡಲಿಲ್ಲ. ನಿಜ ಹೇಳಬೇಕೆಂದರೆ ಆಕೆಗೇ ತನ್ನ ಕೈ ಮೇಲೆ ಅನುಮಾನ ಬಂದಿತ್ತು. ಮರುದಿನ ಮಗ ಕೆಲಸಕ್ಕೆ ಹೋದ ಮೇಲೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಲೋಟದ ಅಂಚಿನವರೆಗೆ ನೀರು ತುಂಬಿ, ಕೈ ಚಾಚಿ ಹಿಡಿದು ನಿಂತಳು. ನೀರು ಅಲುಗಲಿಲ್ಲ. ಇನ್ನೊಂದು ಕೈಗೆ ಬದಲಿಸಿದಳು. ಆಗಲೂ ಅಲುಗಲಿಲ್ಲ. ಆದರೂ ಧೈರ್ಯ ಬರುವ ಬದಲು ಅಳು ಬಂತು.

ಒಳಗೆ ಬಂದ ಗಂಡ ಲೋಟ ನೋಡಿದ, ಹೆಂಡತಿಯ ಮುಖ ನೋಡಿದ. ಹೋಗಿ, ಗಡಿಯಾರದ ಬಿಡಿಭಾಗ ಇಡುವ ಡಬ್ಬಿಯಿಂದ ಕಾರಿನ ಇನ್ನೊಂದು ಕೀ ತಂದು ಮುಂದೆ ಹಿಡಿದ.

“ಇದೆಲ್ಲಿತ್ತು ರೀ?”

“ಇತ್ತು ಬಿಡು. ಕೈ ಅಲುಗ್ತಿಲ್ಲ ಅಂದ್ಮೇಲೆ ಅಲುಗ್ತಿರೋದು ಬೇರೆ ಏನೋ ಇದೆ. ಬಾ, ನೋಡೇಬಿಡೋಣ.”

ಹಳೆಯ ಬೆಡ್‌ಶೀಟು ಹಾಸಿ ಮಲಗಿ, ಗಂಡ ಮುಂದಿನ ಚಕ್ರದ ಹಿಂದಕ್ಕೆ ಕೈ ತೂರಿಸಿದ. ಆಕೆ ಒಳಗೆ ಕೂತು, ಎಂಜಿನ್ ಚಾಲೂ ಮಾಡದೆ ಸ್ಟೀರಿಂಗನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ಅಲುಗಿಸಿದಳು. ಸ್ಟೀರಿಂಗ್ ಅಲುಗಿತು, ಚಕ್ರ ಮಿಸುಕಲಿಲ್ಲ. ಗಂಡ ಚಕ್ರದ ಬಳಿಯ ಕೀಲಿನ ಮೇಲೆ ಬೆರಳಿಟ್ಟ, ಅದು ಗಟ್ಟಿಯಾಗಿತ್ತು. ಸ್ಟೀರಿಂಗ್ ಕಂಬದ ಬುಡದ ಕೀಲೂ ಗಟ್ಟಿಯೇ. ಉಳಿದದ್ದು ರ‍್ಯಾಕ್, ಅಂದರೆ ಸ್ಟೀರಿಂಗ್ ತಿರುಗಿಸಿದಂತೆ ಎರಡೂ ಚಕ್ರಗಳನ್ನು ಅತ್ತಿತ್ತ ತಳ್ಳುವ ಹಲ್ಲಿನ ಸರಳು. ಅದರ ಮೇಲೆ ಅಂಗೈ ಇಟ್ಟದ್ದೇ ತಡ, ಒಳಗೆ ‘ಟಕ್’ ಎಂದಿತು.

“ಸಿಕ್ಕಿಬಿದ್ದ ಕಳ್ಳ!” ಎಂದು ಗಂಡ ಕೆಳಗಿನಿಂದಲೇ ಕೂಗಿದ.

ಜಾಕಿ ಕೊಟ್ಟು ಮುಂದಿನ ಚಕ್ರಗಳನ್ನು ಎತ್ತಿ ನಿಲ್ಲಿಸಿ, ಆಕೆ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಯವರೆಗೆ ತಿರುಗಿಸಿ ನೋಡಿದಳು. ನಡುವೆ ಸಡಿಲ, ಪಕ್ಕಕ್ಕೆ ಹೋದರೆ ಬಿಗಿ. ಆಕೆಗೆ ಎಲ್ಲವೂ ಹೊಳೆಯಿತು. ನೇರ ರಸ್ತೆಯಲ್ಲೇ ಓಡಿ ಓಡಿ ನಡುವಿನ ಹಲ್ಲು ಸವೆದಿದೆ, ಪಕ್ಕದ ಹಲ್ಲು ಹೊಸದರಂತೆಯೇ ಇದೆ. ಆ ಸಡಿಲವನ್ನು ಮುಚ್ಚಲು ಯಾರೋ ರ‍್ಯಾಕಿನ ಸ್ಕ್ರೂ ಬಿಗಿ ಮಾಡಿದ್ದಾರೆ. ಅದಕ್ಕೇ ತಿರುವಿನಲ್ಲಿ ಕಚ್ಚಿಕೊಂಡು ವಾಪಸ್ ಬರುತ್ತಿಲ್ಲ. ಆ ಯಾರೋ ಯಾರೆಂದು ಕೇಳಬೇಕಾಗಿಯೇ ಇರಲಿಲ್ಲ, ಆ ಕಾರಿನ ಹೊಟ್ಟೆಗೆ ಕೈ ಹಾಕುವವನು ತಮ್ಮನೊಬ್ಬನೇ.

ಫೋನು ಹೋಯಿತು. ತಮ್ಮ ಬಾಲ ಮುದುರಿಕೊಂಡು ಬಂದ.

“ಅಕ್ಕ, ಹೋದ ಸಲ ಸರ್ವಿಸಿಗೆ ಬಿಟ್ಟಾಗಲೇ ರ‍್ಯಾಕ್ ಸವೆದಿತ್ತು. ಎರಡು ದಿನ ಗಾಡಿ ಗ್ಯಾರೇಜಲ್ಲೇ ಇರ್ಲಿ ಅಂದಿದ್ರೆ ನನ್ನ ಚರ್ಮ ಸುಲೀತಿದ್ದೆ. ಸಂಜೆಗೇ ಬೇಕು ಅಂತ ಕುಣೀತಿದ್ದೆಯಲ್ಲ! ಸದ್ಯಕ್ಕೆ ನಡೀಲಿ ಅಂತ ಬಿಗಿ ಮಾಡಿ ಕೊಟ್ಬಿಟ್ಟೆ.”

“ಬೋರ್ಡಿಗೆ ಗುದ್ದಿದ್ಮೇಲಾದ್ರೂ ಬಾಯಿ ಬಿಡಬಾರ್ದಿತ್ತಾ? ನನ್ನ ಕೈಯೇ ಹೋಯ್ತು ಅಂತ ಅಳ್ತಾ ಕೂತಿದ್ನಲ್ಲೋ!”

“ಭಯ ಆಯ್ತಕ್ಕ.”

ಕೆನ್ನೆಗೆ ಎರಡು ಬಾರಿಸುವಷ್ಟು ಸಿಟ್ಟು ಬಂದಿತ್ತು. ಆದರೆ ಸಿಟ್ಟಿಗಿಂತ ಸಂತೋಷವೇ ಹೆಚ್ಚಾಗಿ, ಹೋದ ಜೀವ ಮರಳಿ ಬಂದಂತಾಗಿತ್ತು. ತಪ್ಪು ತನ್ನ ಕೈಯದ್ದಲ್ಲ! ಆಕೆಗೆ ಅದನ್ನು ಬೀದಿಯಲ್ಲಿ ನಿಂತು ಕೂಗಿ ಹೇಳಬೇಕೆನಿಸಿತು.

ಕಾರಿಗೆ ಹಗ್ಗ ಕಟ್ಟಿಸಿ ಗ್ಯಾರೇಜಿಗೆ ಎಳೆಸಿದರು. ಹೊಸ ರ‍್ಯಾಕ್ ಬಂದ ದಿನ ಮೇಡಂ ಸ್ಟೂಲು ಹಾಕಿಕೊಂಡು ಎದುರಿಗೇ ಕೂತಳು. ತಮ್ಮ ಚಕ್ರಗಳನ್ನು ನೇರ ಮಾಡಿ, ಸ್ಟೀರಿಂಗ್ ತಿರುಗದಂತೆ ಸೀಟ್ ಬೆಲ್ಟಿನಿಂದ ಬಿಗಿದು, ಹಳೆಯದನ್ನು ಬಿಚ್ಚಿ ಎಳೆದ. ಮಸಿ, ಗ್ರೀಸು ಒರೆಸಿ ನೋಡಿದರೆ ನಡುವಿನ ಹಲ್ಲುಗಳು ಮೊಂಡಾಗಿ ಹೊಳೆಯುತ್ತಿದ್ದವು. ಹೊಸದನ್ನು ಕೂರಿಸಿ, ಬೋಲ್ಟು ಬಿಗಿದು, “ಆಯ್ತಕ್ಕ,” ಎಂದ.

ಆಕೆ ಒಳಗೆ ಕೂತು ನೋಡಿದಳು. ಚಕ್ರ ನೇರವಾಗಿದ್ದರೂ ಸ್ಟೀರಿಂಗ್ ಒಂದು ಕಡೆ ವಾಲಿತ್ತು.

“ಕಂಬದ ಬುಡದ ಕೀಲು ಒಂದು ಹಲ್ಲು ಆಚೆಗೆ ಕೂತಿದೆ. ಬಿಚ್ಚು.”

“ಒಂದೇ ಹಲ್ಲಲ್ವಾ, ನಡೆಯುತ್ತೆ...”

“ನಡೆಯುತ್ತೆ ಅಂತ ನೀನು ಹೇಳಿದ್ದು ಫುಟ್‌ಪಾತ್ ಹತ್ತಿದ್ದನ್ನ ನೋಡಿದ್ದೀನಿ. ಬಿಚ್ಚೋ!”

ತಮ್ಮ ಬಿಚ್ಚಿ ಮತ್ತೆ ಕೂರಿಸಿದ. ಈ ಸಲ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಚಕ್ರಗಳ ಅಲೈನ್‌ಮೆಂಟೂ ಮುಗಿಯಿತು.

ಭಾನುವಾರ ಮಗನನ್ನು ಕಾರಿನ ಮುಂದೆ ನಿಲ್ಲಿಸಿ ತಮ್ಮ ಎಲ್ಲವನ್ನೂ ಒಪ್ಪಿಕೊಂಡ. ಮಗ ತಲೆ ಕೆರೆದುಕೊಂಡ.

“ಸರಿ ಮಾವ, ಗಾಡಿ ತಪ್ಪು ಅಂತಾನೇ ಇಟ್ಕೊಳ್ಳೋಣ. ಆದ್ರೂ ಅಮ್ಮನ ವಯಸ್ಸು...”

“ವಯಸ್ಸನ್ನ ಆಮೇಲೆ ಎಣಿಸು. ಮೊದಲು ಕಾರು ಹತ್ತು,” ಎಂದಳು ಮೇಡಂ.

ಮಗ ಪಕ್ಕದಲ್ಲಿ, ತಮ್ಮನೂ ಗಂಡನೂ ಹಿಂದೆ. ಮೊದಲ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿ ಹಿಡಿತ ಸಡಿಲಿಸಿದಳು. ಸ್ಟೀರಿಂಗ್ ತಾನಾಗಿಯೇ ಅಂಗೈಯೊಳಗೆ ಜಾರಿ ನೆಟ್ಟಗೆ ನಿಂತಿತು. ಆಕೆಯ ಎದೆ ಉಬ್ಬಿತು. ಮಾರುಕಟ್ಟೆಯ ಗದ್ದಲ, ಸೇತುವೆಯ ಇಕ್ಕಟ್ಟು, ಶಾಲೆಯ ಹಿಂದಿನ ಇಳಿಜಾರು, ಎಲ್ಲವನ್ನೂ ನೀರು ಕುಡಿದಷ್ಟು ಸಲೀಸಾಗಿ ದಾಟಿದಳು. ಆ ದಿನಗಳ ನಾಚಿಕೆಯೆಲ್ಲ ರಸ್ತೆಯ ಮೇಲೆಯೇ ಉದುರಿಹೋಯಿತು. ಮಗ ಮೊದಮೊದಲು ‘ಹುಷಾರು’ ಎನ್ನುತ್ತಿದ್ದವನು ಬರಬರುತ್ತಾ ಸುಮ್ಮನಾದ.

ಮನೆ ಹತ್ತಿರವಾದಾಗ ತಮ್ಮ ಹಿಂದಿನಿಂದ ಪಿಸುಗುಟ್ಟಿದ. “ಅಕ್ಕ, ಇವನು ನಿದ್ದೆ ಹೋಗಿದ್ದಾನೆ. ಎಬ್ಬಿಸ್ಲಾ?”

ಆಕೆ ತಿರುಗಿ ನೋಡಿದಳು. ಮಗನ ತಲೆ ಕಿಟಕಿಗೆ ಒರಗಿತ್ತು, ಬಾಯಿ ತೆರೆದಿತ್ತು, ಗೊರಕೆ ಶುರುವಾಗಿತ್ತು.

“ಮುಟ್ಟಿದ್ರೆ ನೋಡು! ಅಮ್ಮನ ಡ್ರೈವಿಂಗಿಗೆ ಹೆದರೋನು ಹೀಗೆ ಬಾಯಿ ಬಿಟ್ಕೊಂಡು ಮಲಗ್ತಾನಾ?” ಎಂದ ಮೇಡಂ, ಮನೆಯ ಮುಂದೆ ನಿಲ್ಲಿಸದೆ ಗೇರು ಬದಲಿಸಿ ಇನ್ನೊಂದು ಸುತ್ತು ಹೊರಟೇಬಿಟ್ಟಳು.