ಮಂಜು ಕಟ್ಟದ ಗಾಜಿನ ಹಿಂದೆ

ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅರ್ಧ ಎತ್ತಿದ ಶಟರಿನಾಚೆ ಮಳೆ ಒಂದೇ ಸಮ ಸುರಿಯುತ್ತಿದೆ. ಗ್ಯಾರೇಜಿನೊಳಗೆ ರೇಸ್ ಕಾರಿನ ಚಾಲಕರ ಸೀಟಿನಲ್ಲಿ ಐವತ್ತೆಂಟರ ಹೆಂಗಸೊಬ್ಬರು ಅರ್ಧ ಮಲಗಿದ ಹಾಗೆ ಕೂತು, ಕೂದಲು ಒಣಗಿಸುವ ಡ್ರೈಯರ್ ಹಿಡಿದು ಮುಂದಿನ ಗಾಜಿಗೆ ಬಿಸಿಗಾಳಿ ಊದುತ್ತಿದ್ದಾರೆ. ಗೊತ್ತಿಲ್ಲದವರು ನೋಡಿದರೆ, ಯಾರೋ ಪಾಪ ಮಳೆಯಲ್ಲಿ ನೆನೆದು ತಲೆ ಒಣಗಿಸಿಕೊಳ್ಳಲು ಸಿಕ್ಕಿದ ಕಡೆ ಹತ್ತಿ ಕೂತಿದ್ದಾರೆ ಎಂದುಕೊಂಡಾರು.

ಸ್ವಲ್ಪ ಹೊತ್ತಿಗೆ ಡ್ರೈಯರ್ ಆರಿಸುತ್ತಾರೆ. ಗಾಜಿನ ಹತ್ತಿರಕ್ಕೆ ಮುಖ ಒಯ್ದು, ಬಾಯಿ ಅಗಲಿಸಿ ‘ಹಾ’ ಎಂದು ಉಸಿರು ಬಿಡುತ್ತಾರೆ. ಎಡಕ್ಕೊಮ್ಮೆ, ನಡುವಿಗೊಮ್ಮೆ, ಬಲಕ್ಕೊಮ್ಮೆ. ಗಾಜಿನಲ್ಲಿ ಎಲ್ಲೂ ಬಿಳಿ ಮಸುಕು ಮೂಡುವುದಿಲ್ಲ. ಕೆಳಗಿನ ಮೂಲೆಯಲ್ಲಿ ಮಾತ್ರ ಒಂದು ಹೆಬ್ಬೆರಳಿನ ಗುರುತು ಮೆಲ್ಲಗೆ ಕಾಣಿಸಿಕೊಳ್ಳುತ್ತದೆ.

“ಯಾರಪ್ಪಾ ಇಲ್ಲಿ ಕೈ ಇಟ್ಟೋರು?” ಎಂದು ಒಳಗಿಂದಲೇ ಕೇಳುತ್ತಾರೆ. ಟೈರಿನ ಪಕ್ಕ ಕುಕ್ಕರಗಾಲಲ್ಲಿ ಕೂತ ಮೆಕ್ಯಾನಿಕ್ ತನ್ನ ಕೈ ತಾನೇ ನೋಡಿಕೊಂಡು, ಏನೂ ಕೇಳಿಸದವನ ಹಾಗೆ ಸ್ಪ್ಯಾನರ್ ತಿರುಗಿಸುತ್ತಾನೆ.

ಇವರನ್ನು ಟ್ರ್ಯಾಕಿನಲ್ಲಿ ಎಲ್ಲರೂ ಕರೆಯುವುದು ಗಾಜಮ್ಮ ಎಂದು. ತಂಡದ ಪಟ್ಟಿಯಲ್ಲಿ ಇವರ ಹೆಸರಿನ ಮುಂದೆ ‘ಬಟ್ಟೆ ಮತ್ತು ಸ್ವಚ್ಛತೆ’ ಎಂದಷ್ಟೇ ಇದೆ. ಮಳೆ ಬಿದ್ದ ದಿನ ಈ ತಂಡದ ಕಾರಿನ ಮುಂದಿನ ಗಾಜು ಒಳಗಿನಿಂದ ಮಂಜು ಕಟ್ಟದ ಹಾಗೆ ನೋಡಿಕೊಳ್ಳುವವರು ಇವರೇ ಎಂಬುದು ಗ್ಯಾರೇಜಿನಾಚೆ ಹೆಚ್ಚಿನವರಿಗೆ ಗೊತ್ತಿಲ್ಲ.

ಮಳೆಯ ರೇಸ್ ಎಂದರೆ ಎಲ್ಲರೂ ಹೊರಗಿನ ನೀರಿಗೆ ಹೆದರುತ್ತಾರೆ. ಅದಕ್ಕೆ ವೈಪರ್ ಇದೆ, ಬೇರೆ ಟೈರ್ ಇದೆ. ಒಳಗಿನ ನೀರಿನ ಕಥೆ ಬೇರೆ. ಬೆವರಿದ ಮೈ, ಒದ್ದೆ ಶೂ, ಏದುಸಿರು ಎಲ್ಲ ಸೇರಿ ಆವಿಯಾಗಿ ತಣ್ಣನೆಯ ಗಾಜಿಗೆ ಹೋಗಿ ಕೂರುತ್ತದೆ. ಕೈಗವಸಿನಿಂದ ಒರೆಸಲು ಹೋದರೆ ಇನ್ನಷ್ಟು ರಾಡಿಯಾಗುತ್ತದೆ. ಆ ವೇಗದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓಡಿಸಿದಷ್ಟೇ ಸರಿ.

“ಗಾಜಿಂದು ಏನೂ ತಪ್ಪಿರಲ್ಲ,” ಅನ್ನುತ್ತಾರೆ ಗಾಜಮ್ಮ, ಬೆರಳ ಗುರುತನ್ನು ಒರೆಸುತ್ತಾ. “ಒಳಗೆ ನೀರು ಎಲ್ಲಿಂದ ಬಂತು ಅಂತ ಮೊದ್ಲು ಹುಡುಕ್ಬೇಕು. ಬಟ್ಟೇಲಿ ಬಂತಾ, ಶೂನಲ್ಲಿ ಬಂತಾ, ಉಸಿರಲ್ಲಿ ಬಂತಾ. ಉಸಿರಾಡ್ಬೇಡ ಅನ್ನೋಕಾಗಲ್ಲ. ಮಿಕ್ಕಿದ್ದನ್ನಾದ್ರೂ ಬಾಗಿಲ ಹೊರಗೇ ಬಿಡಿಸ್ಬಹುದಲ್ಲ.”

ಆದ್ದರಿಂದ ಇವರ ಕೆಲಸ ಗಾಜಿನಿಂದಲ್ಲ, ಬಟ್ಟೆಯಿಂದ ಶುರುವಾಗುತ್ತದೆ. ಗ್ಯಾರೇಜಿನ ಹಿಂದಿನ ಪುಟ್ಟ ಕೋಣೆಯಲ್ಲಿ ಎರಡು ಫ್ಯಾನ್ ತಿರುಗುತ್ತಿವೆ. ಹಗ್ಗದ ಮೇಲೆ ಚಾಲಕಿಯ ಸೂಟು, ಒಳ ಅಂಗಿ, ಹೆಲ್ಮೆಟ್ ಒಳಗೆ ಹಾಕುವ ಟೊಪ್ಪಿಗೆ. ಸೀಟಿನ ಬೆಲ್ಟುಗಳನ್ನೂ ಬಿಚ್ಚಿ ತಂದು ನೇತುಹಾಕಿದ್ದಾರೆ. ಬೆಲ್ಟಿನ ಪಟ್ಟಿ ಎಷ್ಟು ನೀರು ಕುಡಿಯುತ್ತದೆ ಎಂದು ಯಾರೂ ಯೋಚಿಸುವುದಿಲ್ಲವಂತೆ. ಗ್ಯಾರೇಜಿನಿಂದ ಕಾರು ನಿಲ್ಲುವ ಗೆರೆಯವರೆಗೆ ಚಾಲಕಿ ಶೂ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡೇ ನಡೆಯಬೇಕು. ಕಾರಿನೊಳಗೆ ಕಾಲಿಡುವಾಗ ಗಾಜಮ್ಮ ಮಂಡಿಯೂರಿ ಒಂದೊಂದೇ ಚೀಲ ಎಳೆದುಕೊಳ್ಳುತ್ತಾರೆ. ಮೊದಮೊದಲು ಬೇರೆ ತಂಡದವರು ಇದನ್ನು ನೋಡಿ, ಸಂತೆಯಿಂದ ತರಕಾರಿ ತಂದ ಹಾಗಿದೆ ಎಂದು ನಗುತ್ತಿದ್ದರು. ಈಗ ಅವರ ಚಾಲಕರೂ ಚೀಲ ಕಟ್ಟಿಕೊಂಡು ಚರಪರ ಸದ್ದು ಮಾಡುತ್ತಾ ನಡೆಯುತ್ತಾರೆ, ನಗುವವರು ಕಡಿಮೆಯಾಗಿದ್ದಾರೆ.

ಒಣಗಿಸುವುದು ಗಾಜಮ್ಮನಿಗೆ ಹೊಸದಲ್ಲ. ಮದುವೆಯಾದ ವರ್ಷದಿಂದ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ದುಡಿದವರು. ಇವರ ಪಾಲಿಗೆ ಬಂದದ್ದು ಒಣಗಿಸುವ ಕೋಣೆ. ಕಿಟಕಿಯಿಲ್ಲದ, ಸದಾ ಕುದಿಯುವ ಜಾಗ. ಚಳಿಗಾಲದಲ್ಲಿ ಎಲ್ಲರೂ ಏನೋ ನೆಪ ಹೇಳಿ ಅಲ್ಲಿಗೆ ನುಗ್ಗುತ್ತಿದ್ದರು, ಬೇಸಿಗೆಯಲ್ಲಿ ಒಬ್ಬರೂ ತಲೆ ಹಾಕುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಎರಡು ಪಾಳಿ ದುಡಿದರು. ಒಂದು ದಿನ ಆಸ್ಪತ್ರೆ ಬಟ್ಟೆ ಒಗೆಯುವ ಕೆಲಸವನ್ನು ಹೊರಗಿನವರಿಗೆ ಕೊಟ್ಟು ಲಾಂಡ್ರಿಗೆ ಬೀಗ ಹಾಕಿತು. ಆಗ ಕೈಹಿಡಿದದ್ದು ಅಕ್ಕ. “ಸುಮ್ನೆ ಮನೇಲಿ ಕೂತು ಗೋಡೆ ನೋಡ್ಬೇಡ” ಎಂದು ಗದರಿಸಿ, ಪರಿಚಯದವರನ್ನು ಹಿಡಿದು ಈ ತಂಡದಲ್ಲಿ ಸೂಟು ಒಗೆಯುವ ಕೆಲಸ ಕೊಡಿಸಿದಳು.

ಮೊದಲ ಮಳೆಗಾಲದಲ್ಲೇ, ಚಾಲಕರು ಒದ್ದೆ ಬಟ್ಟೆಯಲ್ಲೇ ಹತ್ತಿ ಕೂರುವುದನ್ನು ನೋಡಿ ಗಾಜಮ್ಮನ ಕೈ ಸುಮ್ಮನಿರಲಿಲ್ಲ. ತಂಡದ ಇಂಜಿನಿಯರ್ ಮಾತು ಕಡಿಮೆ, ಕಿವಿ ಚುರುಕು. ಇವರು ಹೇಳಿದ್ದನ್ನು ಕೇಳಿ ಅವನು ಗಾಜಿಗೆ ಬಿಸಿಗಾಳಿ ಊದುವ ಸಣ್ಣ ಬ್ಲೋವರ್ ಕೂರಿಸಿದ, ಒದ್ದೆ ಗಾಳಿ ಹೊರಹೋಗಲು ಹಿಂದಿನ ಕಿಟಕಿಯಲ್ಲಿ ತೂತು ಕೊರೆದ, ಮಂಜು ಹಿಡಿಯದಂತೆ ಗಾಜಿಗೆ ಹಚ್ಚುವ ದ್ರವ ತರಿಸಿಕೊಟ್ಟ. “ಗಾಳಿ ಅವನದು, ನೀರು ನಂದು” ಎಂದು ಗಾಜಮ್ಮ ನಗುತ್ತಾರೆ.

ಅಕ್ಕನ ಮಗಳು ಚಿಕ್ಕಮ್ಮನ ಬೆನ್ನು ಹತ್ತಿ ಟ್ರ್ಯಾಕಿಗೆ ಬರಲು ಶುರುವಿಟ್ಟದ್ದೂ ಆಗಲೇ. ಮನೆಯಲ್ಲಿ ಅವಳು ಪುಟ್ಟಿ. ಬಂದವಳು ನೋಡಿಕೊಂಡು ಹೋಗಲಿಲ್ಲ, ಸ್ಟೀರಿಂಗ್ ಹಿಡಿದೇಬಿಟ್ಟಳು. ಈಗ ಇಪ್ಪತ್ತಾರು ವರ್ಷ, ಈ ಕಾರು ಓಡಿಸುವವಳು ಅವಳೇ. “ನಿನ್ನ ಕಣ್ಣೆದುರಿಗೆ ಇರ್ತಾಳೆ ಅಂತ ಧೈರ್ಯದಿಂದ ಬಿಟ್ಟಿದೀನಿ” ಎಂದು ಅಕ್ಕ ತಂಗಿಗೆ ಹೇಳಿದ್ದಳು.

ಕಳೆದ ವರ್ಷ ಆ ಧೈರ್ಯ ಮುರಿಯಿತು. ಅಂದು ಬೆಳಗ್ಗೆ ಬಿಸಿಲು ಚೆನ್ನಾಗಿತ್ತು. ರೇಸಿನವರಿಗೆ ಭಾರ ಎಂದರೆ ಆಗದು. ಕಾರಿನಿಂದ ಕಾರ್ಪೆಟ್ ಕಿತ್ತು, ರೇಡಿಯೊ ಕಿತ್ತು, ಕಿಟಕಿ ಏರಿಸುವ ಹಿಡಿಕೆಯನ್ನೂ ಕಿತ್ತು ಹಗುರ ಮಾಡುವವರು. ಬ್ಲೋವರ್ ಮತ್ತು ಅದರ ಕೊಳವೆ ಸೇರಿ ಎರಡು ಕಿಲೋ. ಇವತ್ತು ಬೇಡ, ತೆಗೆಸು ಎಂದು ಪುಟ್ಟಿ ಗೋಗರೆದಳು. ಇಂಜಿನಿಯರ್ ಗಾಜಮ್ಮನ ಮುಖ ನೋಡಿದ. ಮುದ್ದಿನ ಹುಡುಗಿ, ಇಲ್ಲ ಅನ್ನಲು ಬಾಯಿ ಬರಲಿಲ್ಲ, “ಆಯ್ತು ತೆಗಿ” ಅಂದುಬಿಟ್ಟರು. ಅರ್ಧ ರೇಸಿಗೆ ಮಳೆ ಬಂತು. ಗಾಜು ಬೆಳ್ಳಗಾಯಿತು. ಪುಟ್ಟಿ ತಿರುವು ಕಾಣದೆ ತಡೆಗೋಡೆಗೆ ಹೋಗಿ ಬಡಿದಳು.

ಮುರಿದ ಹೆಗಲ ಮೂಳೆ ಕೂಡಿಕೊಂಡಿತು. ಅಕ್ಕತಂಗಿಯರ ಮಾತು ಕೂಡಿಕೊಳ್ಳಲಿಲ್ಲ. ಪುಟ್ಟಿ ಕೇಳಿದಳು, ನಾನು ತೆಗೆಸಿದೆ ಎಂದು ಗಾಜಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು. ಆಸ್ಪತ್ರೆಯ ಪಡಸಾಲೆಯಲ್ಲಿ ಅಕ್ಕ ಅಂದದ್ದು ಇಷ್ಟೇ: “ಅವಳು ಹುಡುಗಿ, ಕೇಳ್ತಾಳೆ. ಬೇಡ ಅನ್ನೋಕೆ ನಿಂಗೇನಾಗಿತ್ತು?” ಆಮೇಲೆ ಫೋನು ಮಾಡಿದರೆ ಎತ್ತಲಿಲ್ಲ. ಮನೆಗೆ ಹೋದರೆ ಕೂರು ಎನ್ನಲಿಲ್ಲ. ಗಾಜಮ್ಮ ಈ ಮಾತು ಹೇಳುವಾಗ ಕೈಯಲ್ಲಿನ ಬಟ್ಟೆಯನ್ನು ಮಡಿಸುತ್ತಾರೆ, ಬಿಚ್ಚುತ್ತಾರೆ, ಮತ್ತೆ ಮಡಿಸುತ್ತಾರೆ. “ಅಕ್ಕ ಕೇಳಿದ್ದು ಸರಿಯಾಗೇ ಇತ್ತು,” ಅನ್ನುತ್ತಾರೆ.

ಇವತ್ತು ಅಕ್ಕ ಬರುತ್ತಾಳೆ. ಅಪಘಾತದ ನಂತರ ಪುಟ್ಟಿಯ ಮೊದಲ ಮಳೆ ರೇಸ್ ಇದು. ಒಮ್ಮೆ ಕಣ್ಣಾರೆ ನೋಡುತ್ತೇನೆ, ನೋಡಿ ಹೇಳುತ್ತೇನೆ ಎಂದಿದ್ದಾಳಂತೆ. ಅಮ್ಮ ಬೇಡ ಎಂದರೆ ಸ್ಟೀರಿಂಗ್ ಕೆಳಗಿಡುತ್ತೇನೆ ಎಂದು ಪುಟ್ಟಿಯೂ ಮಾತು ಕೊಟ್ಟಿದ್ದಾಳೆ.

ರೇಸಿಗೆ ಸ್ವಲ್ಪ ಮುಂಚೆ ಮಳೆ ನಿಲ್ಲುತ್ತದೆ. ಮೋಡ ಹರಿದು ಒಂದು ತುಂಡು ನೀಲಿ ಕಾಣುತ್ತದೆ. ಪಕ್ಕದ ಗ್ಯಾರೇಜಿನವರು ಬ್ಲೋವರ್ ಬಿಚ್ಚತೊಡಗುತ್ತಾರೆ. ಸೂಟು ತೊಟ್ಟ ಪುಟ್ಟಿ ಅತ್ತ ನೋಡಿ, ಆಕಾಶ ನೋಡಿ, ಕೊನೆಗೆ ಚಿಕ್ಕಮ್ಮನನ್ನು ನೋಡುತ್ತಾಳೆ.

“ಕೇಳ್ಬೇಡ,” ಎನ್ನುತ್ತಾರೆ ಗಾಜಮ್ಮ.

“ನಾನಿನ್ನೂ ಬಾಯೇ ಬಿಟ್ಟಿಲ್ಲ ಚಿಕ್ಕಮ್ಮ.”

“ಬಿಡ್ಲೂಬೇಡ. ಎರಡು ಕಿಲೋ ಬೇಕಿದ್ರೆ ನೀನು ಇಳಿಸ್ಕೋ, ಕಾರಿಂದ ಇಳಿಸಲ್ಲ.”

ಇಂಜಿನಿಯರ್ ನಗು ನುಂಗಿಕೊಂಡು ಬ್ಲೋವರಿನ ತಿರುಪು ಇನ್ನೊಮ್ಮೆ ಬಿಗಿಮಾಡುತ್ತಾನೆ. ಪುಟ್ಟಿ ಮುಖ ಊದಿಸಿಕೊಂಡು ಕಾಲು ಚಾಚುತ್ತಾಳೆ, ಗಾಜಮ್ಮ ಚೀಲ ಕಟ್ಟುತ್ತಾರೆ.

ಕಾರುಗಳು ಹೊರಡುತ್ತವೆ. ಗಾಜಮ್ಮ ರೇಸ್ ನೋಡುವವರಲ್ಲ, ಒಣಗಿಸುವ ಕೋಣೆಗೆ ಹೋಗಿ ಕೂರುವುದು ರೂಢಿ. ಇವತ್ತು ಗ್ಯಾರೇಜಿನ ಬಾಗಿಲಲ್ಲೇ ನಿಂತಿದ್ದಾರೆ. ಎದುರಿಗೆ ಟ್ರ್ಯಾಕು ಹಿಂತಿರುಗುವ ಕಡೆ, ಕಾರುಗಳು ವೇಗ ತೀರಾ ಇಳಿಸುವ ತಿರುವಿನ ಬೇಲಿ ಹಿಡಿದು ಅಕ್ಕ ನಿಂತಿರುವುದು ಇಲ್ಲಿಂದ ಕಾಣುತ್ತದೆ. ಕೊಡೆ ಹಿಡಿದ ರೀತಿಯಲ್ಲೇ ತಂಗಿಗೆ ಗುರುತು ಹತ್ತಿದೆ.

ಐದನೇ ಸುತ್ತಿಗೆ ಮಳೆ ಮತ್ತೆ ಹಿಡಿಯುತ್ತದೆ. ಈ ಸಲ ಆಕಾಶವೇ ತೂತಾದ ಹಾಗೆ. ಪಕ್ಕದ ಗ್ಯಾರೇಜಿನ ಚಾಲಕ ಬಾಗಿಲ ಸಂದಿಯಿಂದ ಹೊರಗೆ ಇಣುಕುತ್ತಾ ಕಾರು ಒಳತರುತ್ತಾನೆ, ಗಾಜು ಹಾಲು ಬಳಿದಂತಿದೆ. ಇನ್ನೊಂದು ಕಾರು ಹುಲ್ಲಿಗೆ ಇಳಿದು ನಿಲ್ಲುತ್ತದೆ. ಬೇಲಿಯ ಬಳಿ ಅಕ್ಕ ಕೊಡೆ ಮಡಿಸಿಬಿಟ್ಟಿದ್ದಾಳೆ. ಕೊಡೆ ಅಡ್ಡ ಬಂದು ಕಾಣುತ್ತಿಲ್ಲವೋ ಏನೋ, ಮಳೆಗೆ ಮುಖ ಒಡ್ಡಿ ನಿಂತಿದ್ದಾಳೆ.

ಇಂಜಿನಿಯರ್ ವೈರ್‌ಲೆಸ್‌ನಲ್ಲಿ ಕೇಳುತ್ತಾನೆ, “ಗಾಜು ಹೇಗಿದೆ?”

ಗರಗರ ಸದ್ದು. ಆಮೇಲೆ ಪುಟ್ಟಿಯ ದನಿ: “ಯಾವ ಗಾಜು?”

ಮೆಕ್ಯಾನಿಕ್‌ಗಳು ಹೋ ಎಂದು ನಗುತ್ತಾರೆ. ಗಾಜಮ್ಮನಿಗೆ ನಗು ಬರುವುದಿಲ್ಲ. ಅವರ ಕಣ್ಣು ಬೇಲಿಯ ಮೇಲೇ ನೆಟ್ಟಿದೆ.

ಪುಟ್ಟಿ ನಾಲ್ಕನೆಯವಳಾಗಿ ಮುಗಿಸುತ್ತಾಳೆ. ಕಪ್ ಗೆಲ್ಲುವ ಸ್ಥಾನವಲ್ಲ. ಕಾರು ಗ್ಯಾರೇಜಿಗೆ ಬಂದು ನಿಂತು, ಅವಳು ಹೆಲ್ಮೆಟ್ ತೆಗೆಯುವ ಹೊತ್ತಿಗೆ ಶಟರಿನ ಕೆಳಗೆ ಅಕ್ಕ ಕಾಣಿಸಿಕೊಳ್ಳುತ್ತಾಳೆ. ತಲೆಯಿಂದ ಕಾಲಿನವರೆಗೆ ನೀರು ಇಳಿಯುತ್ತಿದೆ. ಅಕ್ಕ ಮಗಳ ಹತ್ತಿರ ಹೋಗಿ ಹೆಗಲು ಮುಟ್ಟಿ ನೋಡುತ್ತಾಳೆ, ಮುರಿದಿದ್ದ ಕಡೆಯೇ.

“ಆ ತಿರುವಲ್ಲಿ ನಿಂತಿದ್ದೆ,” ಎನ್ನುತ್ತಾಳೆ. “ನೀನು ಬಂದಾಗೆಲ್ಲ ಗಾಜಿನ ಹಿಂದೆ ನಿನ್ನ ಕಣ್ಣು ಕಾಣ್ತಿತ್ತು. ಒಂದು ಸಲನೂ ತಪ್ಲಿಲ್ಲ.”

ಅಕ್ಕ ತಂಗಿಯ ಕಡೆ ತಿರುಗುತ್ತಾಳೆ. ಮುಖ ಇನ್ನೂ ಬಿಗಿದೇ ಇದೆ.

“ಮುಂದಿನ ಸಲ ನಂಗೊಂದು ಸೂರಿರೋ ಜಾಗ ನೋಡಿಡು. ನೆಂದು ತೊಪ್ಪೆ ಆದೆ.”

ಗಾಜಮ್ಮ ಹಿಂದಿನ ಕೋಣೆಯ ಹಗ್ಗದಿಂದ ದೊಡ್ಡ ಟವೆಲ್ ಎಳೆದು ತಂದು ಅಕ್ಕನ ತಲೆಗೆ ಹೊದಿಸಿ ಒರೆಸತೊಡಗುತ್ತಾರೆ. “ಮೆಲ್ಲಗೆ, ನಾನೇನು ಕಾರಾ?” ಎಂದು ಅಕ್ಕ ಟವೆಲಿನೊಳಗಿಂದ ಬೈಯುತ್ತಾಳೆ. ಗಾಜಮ್ಮ ಕೈ ನಿಲ್ಲಿಸದೆ, ಅಕ್ಕನ ತಲೆಯ ಮೇಲಿಂದ ಇಂಜಿನಿಯರ್ ಕಡೆ ನೋಡುತ್ತಾರೆ. ಕಣ್ಣಲ್ಲಿ ನೀರು ತುಂಬಿದೆ.

“‘ಮುಂದಿನ ಸಲ’ ಅಂದ್ಲು,” ಎನ್ನುತ್ತಾರೆ. “ನೀನೂ ಕೇಳಿಸ್ಕೊಂಡೆ ತಾನೇ?”